ಒಂದು ಚಮಚ ಹೆಪ್ಪು

ನಾವು ನ್ಯೂಜೆರ್ಸಿಗೆ ಬಂದಿಳಿದದ್ದು 1999ರ ಜನವರಿಯಲ್ಲಿ. ಮೂರನೆಯ ದಿನಕ್ಕೇ ಮನೆಯಲ್ಲಿ ಬಿಕ್ಕಟ್ಟು. ಅಂಗಡಿಯ ಯೋಗರ್ಟ್ ಹಾಕಿ ಹೆಪ್ಪು ಹಾಕಿದರೆ ಹಾಲು ಲೋಳೆಯಾಗುತ್ತಿತ್ತೇ ಹೊರತು ಮೊಸರಾಗುತ್ತಿರಲಿಲ್ಲ. ಆಫೀಸಿನಲ್ಲಿ ಪಕ್ಕದ ಕ್ಯೂಬಿಕಲ್ಲಿನ ಹಿರಿಯರೊಬ್ಬರ ಹತ್ತಿರ ಈ ಗೋಳು ಹೇಳಿಕೊಂಡೆ. "ಅಯ್ಯೋ, ಇದನ್ನ ಮೊದಲ ದಿನವೇ ಹೇಳೋದಲ್ವೇನ್ರೀ! ವೀಸಾಕ್ಕಿಂತ ಮುಂಚೆ ಹೆಪ್ಪು ನೋಡ್ಕೋಬೇಕು" ಎಂದರು.

ಅವರು ಕೋಬಾಲ್ ಸಾರ್. ಪಂಚ್ ಕಾರ್ಡಿನ ಕಾಲದಿಂದ ಕೋಬಾಲ್ ಪ್ರೋಗ್ರಾಮ್ ಬರೆದವರು. ಒಂದು ಕಾರ್ಡಿಗೆ 80 ಅಕ್ಷರ, ಅಷ್ಟರಲ್ಲೇ ಎಲ್ಲ ಹಿಡಿಸಬೇಕು. ಹಾಗಾಗಿ 1975 ಅನ್ನುವ ಕಡೆ ಬರೀ 75. "ಜಾಗ ಉಳಿಸೋಕೆ ಹತ್ತೊಂಬತ್ತನ್ನ ಕಿತ್ತು ಹಾಕಿ ಸಂಬಳ ತಗೊಂಡವರೂ ನಾವೇ, ಈಗ ಅದನ್ನ ವಾಪಸ್ ಸೇರಿಸೋಕೆ ಸಂಬಳ ತಗೋತಿರೋರೂ ನಾವೇ. ಇಂಥ ಕಸುಬು ಇನ್ನೊಂದು ತೋರಿಸಿ" ಎನ್ನುತ್ತಿದ್ದರು. ಇಸವಿ 2000 ಆದಾಗ ಕಂಪ್ಯೂಟರು ಎಡವದಿರಲೆಂದು ನಡೆದ ಆ ವೈಟೂಕೆ ರಿಪೇರಿಯ ಪುಣ್ಯದಿಂದಲೇ ನನ್ನಂಥವರು ವಿಮಾನ ಹತ್ತಿದ್ದು.

ಅವತ್ತು ಸಂಜೆ ಅವರ ಮನೆ ತಲುಪಿದಾಗ ಏಳೂವರೆ. ಸಾರ್ ಹೆಂಡತಿ, ನಮಗೆಲ್ಲ ಅಕ್ಕ, ಬಟ್ಟಲು ಹಿಡಿದು ಬಂದವರು ಬಾಗಿಲಲ್ಲೇ ಅನುಮಾನಿಸಿದರು. ದೀಪ ಹಚ್ಚಿದ ಮೇಲೆ ಮೊಸರು, ಹೆಪ್ಪು ಹೊರಗೆ ಕೊಡುವ ಹಾಗಿಲ್ಲ. ಜನವರಿಯಲ್ಲಿ ಇಲ್ಲಿ ಐದಕ್ಕೆ ಮುಂಚೆಯೇ ಸೂರ್ಯ ಗಂಟು ಕಟ್ಟುತ್ತಾನೆ. ಕೆಲಸಕ್ಕೆ ಹೋಗುವವನಿಗೆ ಹೆಪ್ಪು ಸಿಗುವುದು ಯಾವಾಗ? ಸಾರ್ ಸೋಫಾದಲ್ಲೇ ಬೆರಳು ಮಡಚಿದರು. "ಹತ್ತೂವರೆ ಗಂಟೆ ಸೇರಿಸು. ಬೆಂಗಳೂರಲ್ಲಿ ಈಗ ಬೆಳಗ್ಗೆ ಆರು. ಹೆಪ್ಪು ಎಲ್ಲಿಯದು? ಬಸವನಗುಡಿದು. ಅದಕ್ಕೆ ಅಲ್ಲಿಯ ಟೈಮೇ. ಕೊಡು."

ಬಸವನಗುಡಿಯದೇ ಹೌದು. ಕರ್ಚೀಫನ್ನು ಮೊಸರಲ್ಲಿ ಅದ್ದಿ, ಒಣಗಿಸಿ, ಮಡಚಿ ಜೇಬಲ್ಲಿಟ್ಟುಕೊಂಡು ಬಂದಿದ್ದರಂತೆ. ಕಸ್ಟಮ್ಸಿನವನು ಉಪ್ಪಿನಕಾಯಿ ಬಾಟಲಿ ಮೂಸಿ ನೋಡಿದ, ಕರ್ಚೀಫ್ ಮುಟ್ಟಲಿಲ್ಲ. "ನೆಗಡಿ ಬಂದವನ ಥರ ಮುಖ ಮಾಡಿದ್ದೆ."

ಅವನ್ನಿನ ಬೆಂಕಿ ಹಚ್ಚದೆ, ಒಳಗಿನ ಬಲ್ಬು ಮಾತ್ರ ಹಾಕಿ ರಾತ್ರಿಯೆಲ್ಲ ಪಾತ್ರೆ ಅದರೊಳಗೆ ಇಡಬೇಕೆಂದು ಹೇಳಿಕೊಟ್ಟವರೂ ಅವರೇ. ಬೆಳಗ್ಗೆ ನೋಡಿದರೆ ಗಟ್ಟಿ ಮೊಸರು, ಮೇಲೆ ಕೆನೆ. ಹೆಂಡತಿ ಫೋಟೋ ತೆಗೆದಳು. ಆ ಸಂಭ್ರಮದಲ್ಲಿ ನಾನು ಅದೇ ವಾರ ಪಿಜ್ಜಾ ಬಿಸಿ ಮಾಡಲು, ಒಳಗೆ ಡಬ್ಬಿ ಇದೆಯೆಂಬುದು ಮರೆತು, ಅವನ್ ತಿರುಗಿಸಿದೆ. ಪ್ಲಾಸ್ಟಿಕ್ ಕರಗಿ ಮೊಸರಿನ ಸಮೇತ ಕಂಬಿಗೆ ಅಂಟಿತು. ಮತ್ತೆ ಸಾರ್ ಮನೆ, ಮತ್ತೆ ಒಂದು ಚಮಚ. "ನಮ್ಮನೇಲಿ ಎರಡು ಸಲ ಆಗಿದೆ. ಇನ್ನೊಂದು ಸಲ ಮಾಡಿ, ಸರಿಸಮ ಆಗೋಣ."

1999ರ ಡಿಸೆಂಬರ್ 31ಕ್ಕೆ ಆಫೀಸಿನಲ್ಲಿ ಕಾವಲು. ಇಲ್ಲಿ ಮಧ್ಯಾಹ್ನ ಒಂದೂವರೆ ಎಂದರೆ ಬೆಂಗಳೂರಿಗೆ ಹೊಸ ಸಹಸ್ರಮಾನ. ಸಾರ್ ತಮ್ಮನಿಗೆ ಫೋನ್ ಹಚ್ಚಿದರು. ಮ್ಯಾನೇಜರಿಗೆ ಆತಂಕ: ಏನಂತೆ? "ಕರೆಂಟ್ ಹೋಗಿದೆಯಂತೆ." ಆತ ಬಿಳಿಚಿಕೊಂಡ. "ಗಾಬರಿ ಬೇಡ, ನಿನ್ನೆಯೂ ಹೋಗಿತ್ತು."

2001ರಲ್ಲಿ ನನ್ನ ಕೆಲಸ ಹೋಯಿತು. ಮುಂದಿನದು ಸಿಗುವವರೆಗೆ ತಿಂಗಳಿಗೊಮ್ಮೆ ಸಾರ್ ಅಕ್ಕಿ ಮೂಟೆ ತಂದು ಬಾಗಿಲಲ್ಲಿ ಇಳಿಸುತ್ತಿದ್ದರು. "ಒಂದು ತಗೊಂಡ್ರೆ ಇನ್ನೊಂದು ಫ್ರೀ ಅಂತ ಗಂಟು ಬಿದ್ದ. ನಮ್ಮನೇಲಿ ಇಡೋಕೆ ಜಾಗ ಇಲ್ಲ ಮಾರಾಯ, ಉಪಕಾರ ಮಾಡಿ." ಕೆಲಸ ಸಿಕ್ಕ ಮೇಲೆ ನಾನೂ ಆ ಸೇಲಿಗೆಂದು ಹೋದೆ. ಅಂಗಡಿಯವನು ನಕ್ಕ. ಅಂಥ ಸೇಲು ಅವನ ಅಂಗಡಿಯಲ್ಲಿ ಎಂದೂ ಇರಲಿಲ್ಲ. ಸಾರ್‌ಗೆ ನಾನಿದನ್ನು ಹೇಳಲಿಲ್ಲ. ಹೇಳಿದ್ದರೆ ಅಂಗಡಿಯವನೇ ಸುಳ್ಳುಗಾರನಾಗುತ್ತಿದ್ದ.

ಸಾರ್ ಹೋಗಿದ್ದು ಎಷ್ಟೋ ವರ್ಷಗಳ ಮೇಲೆ, ಒಂದು ಮಾರ್ಚಿನಲ್ಲಿ. ಹೃದಯ, ನಿದ್ದೆಯಲ್ಲೇ. ಫ್ಯೂನರಲ್ ಹೋಮಿನವರು ಕೊಟ್ಟಿದ್ದು ಒಂದು ಗಂಟೆ. ಪುರೋಹಿತರು ಕೈಗಡಿಯಾರ ನೋಡುತ್ತಲೇ ಮಂತ್ರ ಹೇಳಿದರು. ಊರಿನ ಬಂಧುಗಳೆಲ್ಲ ಜೂಮಿನಲ್ಲಿ. ಇಲ್ಲಿ ಬೆಳಗ್ಗೆ ಹತ್ತು, ಅಲ್ಲಿ ಅಡುಗೆಯ ಹೊತ್ತು. ಯಾರೋ ಮ್ಯೂಟ್ ಮಾಡಿರಲಿಲ್ಲ. ಮಗ ಬಾಯಿಗೆ ಅಕ್ಕಿ ಕಾಳು ಹಾಕುವ ಹೊತ್ತಿಗೆ ಸರಿಯಾಗಿ ಸ್ಪೀಕರಿನಲ್ಲಿ ಕುಕ್ಕರ್ ಕೂಗಿತು. ಒಂದು. ಎರಡು. ಮೂರನೆಯದಕ್ಕೆ "ಆರಿಸ್ರೇ, ಮುದ್ದೆಯಾಗುತ್ತೆ!" ಎಂದು ಮುದುಕಿಯೊಬ್ಬರ ದನಿ. ಎಲ್ಲರೂ ನೆಲ ನೋಡುತ್ತ ತುಟಿ ಕಚ್ಚಿ ನಿಂತೆವು. ಮೊದಲು ನಕ್ಕವರು ಅಕ್ಕ. ನಕ್ಕು, ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಆಮೇಲೆ ಅತ್ತರು.

ತಿಂಗಳಾದ ಮೇಲೆ ಅಕ್ಕನ ಫೋನು. ಇಷ್ಟು ದಿನ ಸರದಿಯ ಮೇಲೆ ಯಾರ್ಯಾರದೋ ಮನೆಯಿಂದ ಊಟ ಬರುತ್ತಿತ್ತು, ಮನೆಯಲ್ಲಿ ಹಾಲು ಕಾಯಿಸಿದವರೇ ಇರಲಿಲ್ಲ. "ಹೆಪ್ಪು ಬೂಷ್ಟು ಹಿಡಿದು ಹೋಗಿದೆ ಕಣಪ್ಪಾ. ನಿಮ್ಮನೇಲಿ ಇದೆಯಾ?"

ಇದೆ. ಅದೇ ಇದೆ. ಸ್ಟೀಲ್ ಬಟ್ಟಲಲ್ಲಿ ತುಂಬಿಕೊಂಡು ಹೋದೆವು. ತಲುಪಿದಾಗ ಎಂಟು ಗಂಟೆ, ಸಾರ್ ಫೋಟೋದ ಮುಂದೆ ದೀಪ ಉರಿಯುತ್ತಿತ್ತು. ನನ್ನ ಹೆಂಡತಿ ಹೊಸ್ತಿಲಾಚೆಯೇ ತಡೆದು ನಿಂತಳು.

ಅಕ್ಕ ಬೆರಳು ಮಡಚಿದರು. "ಹತ್ತೂವರೆ ಸೇರಿಸಿದ್ರೆ... ಅಲ್ಲ, ಗಡಿಯಾರ ತಿರುಗಿಸಿದಾರಲ್ಲ, ಈಗ ಒಂಬತ್ತೂವರೆ. ಅಲ್ಲಿ ಐದೂವರೆ. ಹಾಲಿನವನು ಬರೋ ಹೊತ್ತು, ಕೊಡಮ್ಮಾ" ಎಂದು ಎರಡೂ ಕೈ ಚಾಚಿದರು.