ಹನ್ನೆರಡು ಪ್ರಶ್ನೆಗೆ ಒಬ್ಬ ಗಂಡ

ಜರ್ಮನಿಯ ಪೌರತ್ವ ಪರೀಕ್ಷೆಯಲ್ಲಿ 33 ಪ್ರಶ್ನೆ, 17 ಸರಿಯಾದರೆ ಪಾಸು. ಕೇಳಬಹುದಾದ 310 ಪ್ರಶ್ನೆಗಳ ಗಂಟನ್ನು ಸರ್ಕಾರವೇ ಮೊದಲೇ ಬಿಚ್ಚಿಟ್ಟಿರುತ್ತದೆ. ಗೈಡು ಉರುಹೊಡೆದೇ ಇಂಜಿನಿಯರಾದ ನನಗೆ ಇದ್ಯಾವ ಲೆಕ್ಕ? 33ಕ್ಕೆ 33! ಸ್ಟುಟ್‌ಗಾರ್ಟಿನ ನಮ್ಮ ಅಡುಗೆಮನೆಯ ಫ್ರಿಜ್ಜಿನ ಮೇಲೆ ಫಲಿತಾಂಶ ಅಂಟಿಸಿದೆ.

"ಫ್ರಿಜ್ಜಿಗೂ ಪೌರತ್ವ ಸಿಕ್ತೇನ್ರೀ?" ಅಂದಳು ಹೆಂಡತಿ.

ಅವಳು ಹುಡುಕಿ ತೆಗೆದ ಅಳತೆಗೋಲೇ ಬೇರೆ. ಸ್ಟ್ಯಾನ್‌ಫರ್ಡ್ ಮತ್ತು ಜ್ಯೂರಿಕ್‌ನ ಸಂಶೋಧಕರು 2018ರಲ್ಲಿ ಪ್ರಕಟಿಸಿದ್ದು. ಹನ್ನೆರಡೇ ಪ್ರಶ್ನೆ, ಒಂದೊಂದಕ್ಕೂ ಹೆಚ್ಚೆಂದರೆ ಐದು ಅಂಕ. ಭಾಷೆ, ಸಂಪಾದನೆ, ರಾಜಕೀಯ, ಒಡನಾಟ, ಮನಸ್ಸು, ದಿನನಿತ್ಯದ ಓಡಾಟ ಹೀಗೆ ಆರು ಕಡೆಯಿಂದ, ಹೊಸ ನಾಡಿನಲ್ಲಿ ಎಷ್ಟು ಬೆರೆತಿದ್ದಾನೆಂದು ವಲಸಿಗನನ್ನು ಜಾಲಾಡುತ್ತದೆ. ಸಂಪಾದನೆಯಲ್ಲಿ ಪಾರಾದೆ. ಉಳಿದದ್ದಕ್ಕೆ ಪೆನ್ನು ಅವಳ ಕೈಯಲ್ಲಿತ್ತು.

"ಇಲ್ಲಿನವರ ಜೊತೆ ಕೂತು ಊಟ ಮಾಡಿದ್ದು?"

"ಆಫೀಸಿನ ಕ್ರಿಸ್‌ಮಸ್ ಪಾರ್ಟಿ."

"ಅಲ್ಲೂ ತೆಲುಗಿನವರ ಪಕ್ಕದಲ್ಲೇ ಕೂತಿದ್ರಿ. ಒಂದು. ಫೋನಲ್ಲಿ ಮಾತಾಡಿದ್ದು?"

"ಮನೆ ಓನರ್ ಹತ್ತು ನಿಮಿಷ ಮಾತಾಡಿದ್ರಲ್ಲ?"

"ಅದು ಬೈದಿದ್ದು. ಹೊರಗಿನವನು ಅಂತ ಅನ್ನಿಸುತ್ತಾ?"

"ಇಲ್ಲವೇ ಇಲ್ಲ."

"ಹೊರಗೆ ಹೋದ್ರೆ ತಾನೆ ಅನ್ನಿಸೋಕೆ?"

ಡಾಕ್ಟರ ಅಪಾಯಿಂಟ್‌ಮೆಂಟ್ ಪಡೆಯುವುದು ಸುಲಭವೇ ಎಂಬುದಕ್ಕೆ ನಾನು ಐದು ಕೇಳಿದೆ. ಫೋನ್ ಮಾಡುವವಳು ಅವಳಾದ್ದರಿಂದ ಆ ಐದನ್ನು ತನ್ನ ಹೆಸರಿಗೆ ಬರೆದುಕೊಂಡಳು. ಪತ್ರಿಕೆ ಓದುವ ವಿಚಾರ ಬಂದಾಗ ಮ್ಯೋಗ್ಲಿಂಗರನ್ನು ಎಳೆದು ತಂದಳು. ಇದೇ ಸೀಮೆಯವರು, 1836ರಲ್ಲಿ ಮಂಗಳೂರಿಗೆ ಬಂದು 1843ಕ್ಕೆಲ್ಲ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನೇ ಹೊರಡಿಸಿದವರು. ನಾನೂ ಜರ್ಮನ್ ಓದುತ್ತೇನೆ, ಸೂಪರ್‌ಮಾರ್ಕೆಟ್ಟಿನ ರಿಯಾಯಿತಿ ಚೀಟಿಯನ್ನು, ಅದೂ ಈರುಳ್ಳಿಯವರೆಗೆ.

ಸಂಶೋಧಕರಿಗೆ ತೋಚದ ಹದಿಮೂರನೆಯ ಪ್ರಶ್ನೆಯೊಂದನ್ನು ಇವಳೇ ಸೇರಿಸಿದಳು: ಕೇರ್‌ವೋಖೆ. ಈ ಸ್ವಾಬಿಯಾ ಸೀಮೆಯಲ್ಲಿ ಮೆಟ್ಟಿಲು ಗುಡಿಸುವ ಸರದಿ ಮನೆಮನೆಗೂ ಬರುತ್ತದೆ. ಯಾರ ವಾರವೋ ಅವರ ಬಾಗಿಲಿಗೆ ಒಂದು ಪುಟ್ಟ ಫಲಕ. ನಮ್ಮ ವಾರ ನಾನು ಪೊರಕೆ ಹಿಡಿದು ಇಳಿದರೆ ಕೆಳಮನೆಯ ಅಜ್ಜಿ ಕೈಕಟ್ಟಿ ನಿಂತು ನೋಡುತ್ತಾರೆ. "ಗೂಟ್, ಗೂಟ್" ಅನ್ನುತ್ತಾರೆ. ನಾನು ಬೀಗುತ್ತಾ ಮೇಲೆ ಬಂದು ಬಾಗಿಲು ಹಾಕಿಕೊಳ್ಳುವಷ್ಟರಲ್ಲಿ ಕೆಳಗಿನಿಂದ ಪೊರಕೆಯ ಸದ್ದು: ನಾನು ಗುಡಿಸಿದ್ದನ್ನೇ ಮತ್ತೆ ಗುಡಿಸುತ್ತಿರುತ್ತಾರೆ. ಅದೇ ಅಜ್ಜಿ ಇವಳಿಗೆ ಇಲ್ಲಿನ ತಿನಿಸು ಷ್ಪೆಟ್ಸ್‌ಲೆ ಮಾಡಲು ಕಲಿಸಿ, ಇವಳಿಂದ ಚಿತ್ರಾನ್ನ ಕಲಿತು, ಈಗ ಒಗ್ಗರಣೆಗೆ ಇಂಗು ಕಡಿಮೆಯಾಯಿತು ಅನ್ನುವ ಮಟ್ಟಕ್ಕೆ ಬಂದಿದ್ದಾರೆ. ಯಾರು ಯಾರಲ್ಲಿ ಬೆರೆತರು ಅನ್ನುವುದನ್ನು ಜ್ಯೂರಿಕ್‌ನವರೇ ಬಂದು ಹೇಳಬೇಕು.

ಒಟ್ಟು ಕೂಡಿಸಿದಾಗ ನನ್ನ ಅಂಕ ಹೇಳಿಕೊಳ್ಳುವಂತಿರಲಿಲ್ಲ. "ಪರದೇಶ ಕಣೇ, ಇಷ್ಟಾದ್ರೂ ಬಂತಲ್ಲ. ನಮ್ಮ ಮಲ್ಲೇಶ್ವರದಲ್ಲಾಗಿದ್ರೆ ಅರವತ್ತಕ್ಕೆ ಅರವತ್ತು" ಅಂದೆ.

ಅವಳು ಹಾಳೆ ತಿರುವಿ ಹೊಸದಾಗಿ ಒಂದು, ಎರಡು, ಮೂರು ಎಂದು ಬರೆದಳು.

"ಮಲ್ಲೇಶ್ವರದಲ್ಲಿ ಇಪ್ಪತ್ತೈದು ವರ್ಷ ಇದ್ರಲ್ಲ, ಎದುರುಮನೆಯವರ ಹೆಸರೇನು?"

"ಅದೇ... ನಾಯಿ ಸಾಕಿದ್ರಲ್ಲ, ಅವರು."

"ನಾಯಿ ಹೆಸರು?"

"ಟಾಮಿ!"

"ಅದಕ್ಕೆ ಎರಡು ಕೊಡ್ತೀನಿ" ಅಂದಳು.