ಗೋಡೆಯಾಚೆಯ ಅಕ್ಕನಿಗೆ

ಅಲ್ಲ ಅಕ್ಕಾ, ಮಗ ನಲವತ್ತು ದಾಟಿದ ಮೇಲೆ ಹುಡುಗರ ಪಕ್ಕ ಕೂತು ಮತ್ತೆ ಮೊದಲಿಂದ ಕಲೀತಿದಾನೆ ಅಂತ ಯಾಕಿಷ್ಟು ಬೇಜಾರು ಮಾಡ್ಕೊಂತೀರಿ? ಇಷ್ಟು ವರ್ಷ ಜಾವಾದಲ್ಲಿ ಪ್ರೋಗ್ರಾಂ ಬರೀತಿದ್ದ, ಈಗ ಆಫೀಸಿನೋರು ಎಐ ಕಲಿ ಅಂದಿದಾರೆ, ಕಲೀತಾನೆ. ಅದರಾಗೆ ಮರ್ಯಾದೆ ಹೋಗೋದೇನೈತೆ? ಗೋಡೆ ಹತ್ರ ಬರ್ರಿ, ನಮ್ಮಣ್ಣನ ವಿಷ್ಯ ಹೇಳ್ತೀನಿ.

ಅಣ್ಣ ಹರಿಹರದ ಮೈಸೂರು ಕಿರ್ಲೋಸ್ಕರ್‌ನಾಗೆ ಟರ್ನರ್ ಇದ್ದ, ನಿಮಗೆ ಗೊತ್ತಲ್ಲ. 1941ರಲ್ಲಿ ಶುರುವಾದ ಕಾರ್ಖಾನೆ. ಅಲ್ಲಿ ತಯಾರಾದ ಲೇತ್‌ಗಳು ದೇಶದ ತುಂಬ ಹೋದವು. ಲೇತ್ ಮಾಡೋ ಕಾರ್ಖಾನೆಯಲ್ಲೇ ಕೈ ಪಳಗಿಸಿಕೊಂಡವನು ಅಂದ್ರೆ ಊರಾಗೆ ಅದಕ್ಕೊಂದು ಬೆಲೆ ಇತ್ತು. ಆಮೇಲೆ 2000ದ ಆಸುಪಾಸಿನಲ್ಲಿ ಅದು ನಿಂತೇ ಹೋಯ್ತು. ನಮ್ಮ ದಾವಣಗೆರೆ ಕಾಟನ್ ಮಿಲ್ಲುಗಳ ಗತಿಯೂ ಅದೇ ಆಯ್ತಲ್ಲ. ಎಷ್ಟು ಮಗ್ಗದ ಕೈಗಳು ಆಟೋ ಹ್ಯಾಂಡಲ್ ಹಿಡಿದವು!

ಅಣ್ಣನಿಗೆ ಕೊನೆಗೊಂದು ಸಣ್ಣ ವರ್ಕ್‌ಶಾಪಲ್ಲಿ ಕೆಲಸ ಸಿಕ್ತು. ಅಲ್ಲಿದ್ದದ್ದು ಕಂಪ್ಯೂಟರ್ ನಡೆಸೋ ಸಿಎನ್‌ಸಿ ಲೇತ್. ತಿರುಗಿಸೋಕೆ ಹ್ಯಾಂಡಲ್ ಇಲ್ಲ, ಕೀಲಿಮಣೆ ಐತೆ. ಹೇಳಿಕೊಡೋಕೆ ನಿಂತವನು ಆಗಷ್ಟೇ ಐಟಿಐ ಮುಗಿಸಿದ ಹುಡುಗ.

ಕಷ್ಟ ಎಲ್ಲಿ ಬಂತು ಗೊತ್ತಾ? ಗೊತ್ತಿಲ್ಲದ್ದರಲ್ಲಿ ಅಲ್ಲ, ಗೊತ್ತಿದ್ದುದರಲ್ಲಿ. ಕೈ ಲೇತ್‌ನಲ್ಲಿ 50 ಮಿಲಿಮೀಟರ್ ರಾಡನ್ನ 48ಕ್ಕೆ ತರಬೇಕಾದ್ರೆ ಟೂಲನ್ನ 1 ಮಿಲಿಮೀಟರ್ ಒಳಗೆ ಕೊಟ್ಟರೆ ಸಾಕು, ಎರಡೂ ಕಡೆ ಸವೆದು 2 ಕಮ್ಮಿಯಾಗುತ್ತೆ. ವರ್ಷಗಟ್ಟಲೆ ಆ ಅರ್ಧದ ಲೆಕ್ಕ ಬೆರಳಲ್ಲೇ ಕೂತಿತ್ತು. ಪ್ರೋಗ್ರಾಂನಲ್ಲಿ ಸಾಮಾನ್ಯವಾಗಿ ಪೂರ್ತಿ ವ್ಯಾಸ ಬರೀಬೇಕು, ಎಕ್ಸ್ 48 ಅಂತ. ಅದೂ ಕೆಲವು ಮೆಷಿನ್‌ನಲ್ಲಿ 48ರ ಮುಂದೆ ದಶಾಂಶದ ಚುಕ್ಕಿ ಇಡದಿದ್ರೆ ಅದು 48 ಮೈಕ್ರಾನ್ ಅಂತ ತಿಳ್ಕೊಳ್ಳುತ್ತೆ, ಅಂದ್ರೆ ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಪಾಲೂ ಇಲ್ಲ! ಪ್ರೋಗ್ರಾಂನಲ್ಲಿ ಜಿ01 ಅಂತ ಬರೆದ್ರೆ ಟೂಲ್ ಕೊಟ್ಟ ವೇಗದಲ್ಲಿ ಕತ್ತರಿಸ್ತಾ ಹೋಗುತ್ತೆ. ಅದರ ಬದಲು ಜಿ00 ಹೊಡೆದ್ರೆ ಒಂದೇ ಓಟಕ್ಕೆ ಬಂದು ರಾಡಿಗೆ ಗುದ್ದುತ್ತೆ. ಇದನ್ನೆಲ್ಲ ಅಣ್ಣ ಆ ಹುಡುಗನನ್ನೇ ಕೇಳಿ ಕೇಳಿ ನೋಟ್‌ಬುಕ್ಕಿನಲ್ಲಿ ಬರ್ಕೊಂಡ. ಒಂದ್ಸಲ ಕೇಳಿದ್ದನ್ನೇ ಮತ್ತೆ ಕೇಳೋಕೂ ಹಿಂದೆಮುಂದೆ ನೋಡ್ಲಿಲ್ಲ. ಅದಕ್ಕೇ ನನಗೆ ಅವನ ಮೇಲೆ ಬಹಳ ಗೌರವ.

ಹಂಗಂತ ಹಳೇದೆಲ್ಲ ನೀರಿಗೆ ಹೋಯ್ತು ಅನ್ಕೋಬೇಡ್ರಿ. ಮೆಷಿನ್ ಓಡ್ತಿರುವಾಗ ಸದ್ದು ಚೂರು ಬದಲಾದ್ರೂ ಅಣ್ಣ ತಿರುಗಿ ನೋಡ್ತಿದ್ದ. ಟೂಲ್ ನಡುಗ್ತಾ ಐತೆ, ತುದಿ ಸವೆದೈತೆ ಅಂತ ಸ್ಕ್ರೀನ್ ನೋಡದೆ ಹೇಳ್ತಿದ್ದ. ಆ ಕಿವಿ ಹುಡುಗನಿಗೆ ಇರ್ಲಿಲ್ಲ. ಹುಡುಗ ಚುಕ್ಕಿ ಕಲಿಸಿದ, ಇವನು ಸದ್ದು ಕಲಿಸಿದ. ನಿಮ್ಮ ಮಗನಿಗೂ ಯಾವ ಪ್ರೋಗ್ರಾಂ ಎಲ್ಲಿ ಮುರಿದು ಬೀಳುತ್ತೆ ಅನ್ನೋದು ಅಷ್ಟು ವರ್ಷದಿಂದ ಗೊತ್ತಿರುತ್ತಲ್ಲ, ಅದು ಎಲ್ಲಿಗೆ ಹೋಗುತ್ತೆ?

ನನಗೆ ಸಂಕಟ ಆಗೋದು ಬೇರೆ ವಿಷ್ಯಕ್ಕೆ. ಸಂಬಳ ಬರ್ತಿರುವಾಗ ಹೊಸದಾಗಿ ಕಲಿಯೋದು ಒಂದು, ಗೇಟ್ ಮುಚ್ಚಿದ ಮೇಲೆ ಮಕ್ಕಳ ಫೀಜಿನ ಚಿಂತೆ ಇಟ್ಕೊಂಡು ಕಲಿಯೋದು ಇನ್ನೊಂದು. ಅಣ್ಣನ ಜೊತೆಯವರಲ್ಲಿ ಎಷ್ಟೋ ಜನಕ್ಕೆ ಕಲಿಯೋ ಮನಸ್ಸಿತ್ತು. ಕಲಿಯೋ ತನಕ ಮನೆ ನಡೆಸೋರು ಯಾರಿದ್ರು? ಅವರನ್ನ ಸೋಮಾರಿಗಳು, ಕಾಲಕ್ಕೆ ತಕ್ಕಂತೆ ಬದಲಾಗಲಿಲ್ಲ ಅಂತ ಅಂದ್ರೆ ನಾನು ಒಪ್ಪಲ್ಲ.

ಅದಕ್ಕೆ, ಇವತ್ತು ರಾತ್ರಿ ಮಗ ಫೋನ್ ಮಾಡಿದಾಗ ‘ಈ ವಯಸ್ಸಲ್ಲಿ ಯಾಕಪ್ಪಾ’ ಅನ್ಬೇಡ್ರಿ. ಕಲಿಯೋಕೆ ಆಫೀಸಿನೋರು ಕೆಲಸದ ಹೊತ್ತಲ್ಲೇ ಟೈಮ್ ಕೊಟ್ಟಿದಾರಾ, ಇಲ್ಲಾ ನಿದ್ದೆಗೆಟ್ಟು ಕಲೀತಿದಾನಾ, ಅದನ್ನ ಕೇಳ್ರಿ.