ಅರ್ಧ ಶಟರ್

ಡಲ್ಲಾಸಿನಲ್ಲಿರುವ ನಮ್ಮಣ್ಣನ ಮಗ ಚನ್ನಗಿರಿಯಲ್ಲಿ ಇದ್ದಷ್ಟು ಕಾಲ ಗೋಡೆಗೆ ಒಂದು ಮೊಳೆ ಹೊಡೆದವನಲ್ಲ. ಅಲ್ಲಿ ಮನೆ ಕೊಂಡದ್ದೇ ತಡ, ಕೈಗೆ ಕೆಲಸ ಬಂತು. ಮೆಕ್ಯಾನಿಕ್ಕು ಬಾಗಿಲಿಗೆ ಬಂದು ಕೆಮ್ಮಿದರೂ ಬಿಲ್ಲು ಆಗುತ್ತದಂತೆ. ಈಚೆಗೆ ಗ್ಯಾರೇಜ್ ಬಾಗಿಲಿನ ಸ್ಪ್ರಿಂಗು ಮುರಿದಾಗ ಅವನು ಸಲಕರಣೆಗಳನ್ನೆಲ್ಲ ಆಯುಧಪೂಜೆಗೆ ಜೋಡಿಸಿದ ಹಾಗೆ ನೆಲದ ಮೇಲಿಟ್ಟು ವಿಡಿಯೊ ಕಾಲ್ ಮಾಡಿದ. ಕುಂಕುಮ ಒಂದು ಕಡಿಮೆ.

18 ಇಂಚಿನ ಎರಡು ಉಕ್ಕಿನ ಸರಳು, ಬಾಗಿಲು ಏಳದಂತೆ ಹಳಿಗೆ ಕಚ್ಚಿಸುವ ಇಕ್ಕಳ, ಕೈಗವಸು, ಕನ್ನಡಕ, ಒಂದು ಸೀಮೆಸುಣ್ಣ. ಸ್ಪ್ರಿಂಗಿನ ತುದಿಯ ಬಿಲ್ಲೆಗೆ ನಾಲ್ಕು ತೂತು. ಒಂದು ಸರಳು ತೂರಿಸಿ ಕಾಲು ಸುತ್ತು ತಿರುಗಿಸಬೇಕು, ಅದನ್ನು ಬಿಡುವ ಮೊದಲು ಇನ್ನೊಂದನ್ನು ತೂರಿಸಬೇಕು. ಏಳಡಿ ಬಾಗಿಲಿಗೆ ಹೆಚ್ಚುಕಡಿಮೆ ಏಳೂವರೆ ಸುತ್ತು. ಸ್ಪ್ರಿಂಗಿನ ಉದ್ದಕ್ಕೂ ಎಳೆದ ಸುಣ್ಣದ ಗೆರೆ ಸುರುಳಿಯಾಗುತ್ತ ಲೆಕ್ಕ ಹೇಳುತ್ತದೆ. ಸರಳಿನ ಬದಲು ಸ್ಕ್ರೂಡ್ರೈವರ್ ಹಾಕಿದವನ ಹಲ್ಲಿಗೆ ಯಾರೂ ಹೊಣೆಯಲ್ಲ. ಸಾಧಾರಣ ಸ್ಪ್ರಿಂಗಿನ ಆಯಸ್ಸು 10,000 ಸಲ ತೆಗೆದು ಹಾಕುವಷ್ಟು. ದಿನಕ್ಕೆ ನಾಲ್ಕು ಸಲವೆಂದರೆ ಏಳು ವರ್ಷ ತುಂಬುವುದರೊಳಗೆ ಕಥೆ ಮುಗಿಯಿತು. ಮೇಲಕ್ಕೇಳುವ ಈ ಬಾಗಿಲನ್ನು 1921ರಲ್ಲಿ ಅಮೆರಿಕದ ಸಿ. ಜಿ. ಜಾನ್ಸನ್ ಎಂಬಾತ ಮಾಡಿದನೆಂದೂ 1926ಕ್ಕೆ ಕರೆಂಟಿನಲ್ಲಿ ಎತ್ತುವ ಯಂತ್ರ ತಂದನೆಂದೂ ಹುಡುಗ ವಿವರಿಸಿದ. ನಮ್ಮತ್ತಿಗೆ ಕೇಳಿದ್ದು ಒಂದೇ: "ಊಟ ಆಯ್ತೇನೋ?"

ನಮ್ಮ ಕಡೆ ಕಾರು ನಿಲ್ಲುವುದು ಬೇವಿನ ಮರದ ಕೆಳಗೆ. ಆದರೆ ಸ್ಪ್ರಿಂಗಿನ ಸಂಕಟ ನಮಗೂ ತಪ್ಪಿದ್ದಲ್ಲ, ಅದು ಅಂಗಡಿಯ ರೋಲಿಂಗ್ ಶಟರಿನಲ್ಲಿ ಕೂತಿದೆ. ಇಂಥ ಶಟರಿಗೆ ಐಎಸ್ 6248 ಎಂಬ 1979ರ ಸರ್ಕಾರಿ ಮಾನದಂಡವೂ ಇದೆ. ಚನ್ನಗಿರಿಯಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ನಮ್ಮ ಭಾವನ ಶಟರು ಅದನ್ನು ಓದಿದಂತಿಲ್ಲ. ಹದ ಮಳೆ ಬಿದ್ದು ಯೂರಿಯಾಕ್ಕೆ ಜನ ಸಾಲುಗಟ್ಟಿದ್ದ ಬೆಳಿಗ್ಗೆಯೇ ಅದು ನೆತ್ತಿಯ ಮೇಲೆ 'ಠಣ್' ಎಂದು ಮೊಣಕಾಲೆತ್ತರದಲ್ಲಿ ಮುಷ್ಕರ ಹೂಡಿತು. ಭಾವ ತೆವಳಿಕೊಂಡು ಒಳಗೆ ಹೋಗಿ ಅಲ್ಲಿಂದಲೇ ವ್ಯಾಪಾರ ಶುರುಮಾಡಿದರು. ಹೊರಗಿದ್ದವರು ಅವರ ಪಾದಗಳಿಗೆ ದುಡ್ಡು ಸಲ್ಲಿಸಿ ರಸೀದಿ ಪಡೆದರು.

ಸುದ್ದಿ ಬಳಗದ ವಾಟ್ಸಾಪಿಗೆ ಬಿತ್ತು. ನಮ್ಮ ಬಳಗ ನಾಲ್ಕು ತಾಲ್ಲೂಕಿನಲ್ಲಿ ಹಂಚಿಹೋಗಿದೆ. ಯಾವ ತಾಲ್ಲೂಕಿನವರಿಗೂ ತಮ್ಮ ಹೊಲದಲ್ಲಿ ಇಲ್ಲದ ಸಲಕರಣೆ ಜಗತ್ತಿನಲ್ಲಿದೆ ಎಂಬ ನಂಬಿಕೆ ಇಲ್ಲ. ಚನ್ನಗಿರಿಯ ತೋಟದವರು ಅಡಿಕೆ ಕೊಯ್ಯುವ ದೋಟಿಯಿಂದ ಮೀಟಿ ಎಂದರು. ಅವರಲ್ಲೊಬ್ಬರು, ಶಟರಿಗೂ ಅದಕ್ಕೂ ಏನು ಸಂಬಂಧವೋ, ಬೆಳೆಗಾರರ ಸಹಕಾರ ಸಂಘ ತುಮ್ಕೋಸ್‌ನಲ್ಲಿ ಅವತ್ತಿನ ರಾಶಿ ಅಡಿಕೆ ದರವನ್ನೂ ಹಾಕಿದರು. ಹೊನ್ನಾಳಿಯ ಚಿಕ್ಕಪ್ಪ ಟ್ರ್ಯಾಕ್ಟರಿನ ಜಾಕು, ಟೈರ್ ಲಿವರು, ಗ್ರೀಸ್ ಗನ್ನು ಮೂರನ್ನೂ ಫೋಟೊ ತೆಗೆದು ಕಳಿಸಿದರು. ಅವರಿಗೆ ಹೊಟ್ಟೆನೋವಿಗೂ ಗ್ರೀಸೇ ಮದ್ದು. 2017ರ ಬಜೆಟ್ಟಿನ 49 ಹೊಸ ತಾಲ್ಲೂಕುಗಳ ಪಟ್ಟಿಯಲ್ಲಿ ಊರಿನ ಹೆಸರು ಬಂದು ಹೊನ್ನಾಳಿಯಿಂದ ಬೇರೆಯಾದಾಗಿನಿಂದ ನ್ಯಾಮತಿಯ ನಮ್ಮಕ್ಕ ಅಲ್ಲಿಯ ಯಾವ ಸಲಹೆಯನ್ನೂ ಒಪ್ಪುವುದಿಲ್ಲ. "ಸಾಮಾನು ಬೇಕೆಂದರೆ ಶಿವಮೊಗ್ಗಕ್ಕೇ ಹೋಗಬೇಕು" ಎಂದಳು. 1997ರಲ್ಲಿ ಜಿಲ್ಲೆ ಬದಲಾಗಿ ಇವರೆಲ್ಲ ದಾವಣಗೆರೆಗೆ ಸೇರಿದ್ದು ಕಾಗದದಲ್ಲಿ. ನಟ್ಟು ಬೋಲ್ಟಿಗೆ ಕಾಲು ಇನ್ನೂ ಹಳೇ ಜಿಲ್ಲೆಯ ಕಡೆಗೇ ಎಳೆಯುತ್ತದೆ.

ಕೆಲಸಕ್ಕೆ ಬಂದದ್ದು ಜಗಳೂರಿನ ಷಡ್ಡಕನ ಮಾತು. ಅಲ್ಲಿ 57 ಕೆರೆಗಳಿಗೆ ತುಂಗಭದ್ರೆಯ ನೀರು ತರುವ ಯೋಜನೆ ಬಂದಮೇಲೂ ಬೋರಿನ ಮೋಟಾರು ಎತ್ತುವವರ ಪೈಪ್ ಪಾನಾ ತುಕ್ಕು ಹಿಡಿದಿಲ್ಲ. "24 ಇಂಚಿನ ಪಾನಾ ತರಿಸಿ. ಅದನ್ನು ಹಿಡಿಯುವವನು ಫೋನ್ ಎತ್ತದವನಾಗಿರಲಿ" ಎಂದು ಬರೆದಿದ್ದ.

ಶಟರ್ ಮೇಸ್ತ್ರಿ ಬಂದಾಗ ಆ ಮಾತು ಅರ್ಥವಾಯಿತು. ಆತನ ಸರಂಜಾಮೆಲ್ಲ ಒಂದು ಗೊಬ್ಬರದ ಚೀಲದಲ್ಲಿ: ಪೈಪ್ ಪಾನಾ, ರಿಂಗ್ ಪಾನಾಗಳು, ಕಟಿಂಗ್ ಪ್ಲೇಯರು, ಹಗ್ಗ, ಗ್ರೀಸಿನ ಡಬ್ಬಿ. ನಾಲ್ಕು ಜನ ಸೇರಿ ಶಟರನ್ನು ಮೇಲೆ ಸುತ್ತಿ, ಹಗ್ಗದಿಂದ ಬಿಗಿದು, ಇಡೀ ಸುರುಳಿಯನ್ನು ಕೆಳಗಿಳಿಸಿದರು. ನಡುವಿನ ಪೈಪಿಗೆ ಸ್ಪ್ರಿಂಗಿನ ಒಂದು ತುದಿ, ಅದರ ಮೇಲೆ ತಿರುಗುವ ಗಾಲಿಗೆ ಇನ್ನೊಂದು ತುದಿ. ಶಟರು ಎಳೆದಾಗ ಸ್ಪ್ರಿಂಗು ಮುರುಟಿಕೊಳ್ಳುತ್ತದೆ, ಎತ್ತುವಾಗ ಆ ಸಿಟ್ಟನ್ನು ನಮ್ಮ ಪರವಾಗಿ ತೀರಿಸುತ್ತದೆ. ಹೊಸತನ್ನು ಹಾಕಿ ಮತ್ತೆ ಮೇಲಿಟ್ಟ ಮೇಲೆ ಮೇಸ್ತ್ರಿ ಪಾನಾ ಕಚ್ಚಿಸಿ ಪೈಪನ್ನೇ ತಿರುಗಿಸುತ್ತ ಹೋದ. ಸುತ್ತು ಏರಿದಂತೆ ಅವನ ಮುಂಗೈ ನರ ಎದ್ದವು, ಏಣಿ ಕಿರುಗುಟ್ಟಿತು. "ಹಿಡ್ಕಳ್ರಿ" ಎಂದು ಪಾನಾವನ್ನು ತನ್ನ ಜೊತೆಗೆ ಬಂದಿದ್ದ ಹುಡುಗನ ಕೈಗೆ ಕೊಟ್ಟು ಯು ಕ್ಲ್ಯಾಂಪಿನ ನಟ್ಟುಗಳನ್ನು ಬಿಗಿದ. ಆ ಗಳಿಗೆಯಲ್ಲಿ ಹುಡುಗ ಕೈಬಿಟ್ಟರೆ ಪಾನಾ ಗಿರ್ರನೆ ತಿರುಗಿ ಎದುರಿದ್ದವರ ದವಡೆಗೆ ಬರುತ್ತದೆ. ಆದ್ದರಿಂದಲೇ ಇರಬೇಕು, ಅಷ್ಟು ಹೊತ್ತೂ ಏಣಿಯ ಬುಡದಲ್ಲಿ ಸಲಹೆ ಕೊಡುತ್ತಿದ್ದವರೆಲ್ಲ ಒಮ್ಮೆಲೇ ಟೀ ಅಂಗಡಿಯ ಕಡೆ ಸರಿದಿದ್ದರು. ಅಮೆರಿಕದ ಸ್ವಂತ ರಿಪೇರಿಗಿಂತ ಈ ವಿಧಾನ ನನಗೆ ಹೆಚ್ಚು ಇಷ್ಟ. ಬೈಯಲು ಒಬ್ಬ ಇರುತ್ತಾನೆ.

ಡಲ್ಲಾಸಿನಿಂದ ಫೋನು ಬಂತು. "ಬ್ಯಾಲೆನ್ಸ್ ನೋಡಿದ್ರಾ? ಅರ್ಧಕ್ಕೆ ತಂದು ಕೈಬಿಟ್ಟರೆ ಅಲ್ಲೇ ನಿಲ್ಲಬೇಕು."

ನಮ್ಮ ಪೇಟೆಗೆ ಈ ಪರೀಕ್ಷೆ ಹೊಸದಲ್ಲ. ಹೆಣ ಹೋಗುವಾಗ ಅರ್ಧ ಶಟರು. ತೂಕದವರು ಬಂದರೆಂಬ ಗಾಳಿಸುದ್ದಿಗೆ ಅರ್ಧ ಶಟರು. ಬಂದ್ ಕರೆಗಂತೂ ಅದೇ ಸರಿ: ಮೆರವಣಿಗೆ ನೋಡಿದವರಿಗೆ ಅಂಗಡಿ ಮುಚ್ಚಿದೆ, ಬಗ್ಗಿ ನೋಡಿದವರಿಗೆ ತೆರೆದಿದೆ. ಸ್ಪ್ರಿಂಗು ಸಡಿಲವಾದ ಅಂಗಡಿಯವನಿಗೆ ಮಾತ್ರ ಈ ಅನುಕೂಲವಿಲ್ಲ. ಅವನು ಪೂರ್ತಿ ಈ ಕಡೆ ಇರಬೇಕು, ಇಲ್ಲವೇ ಪೂರ್ತಿ ಆ ಕಡೆ.

ಮೇಸ್ತ್ರಿ ಶಟರನ್ನು ಎದೆಮಟ್ಟಕ್ಕೆ ಎಳೆದು ಕೈಬಿಟ್ಟ. ಅಲ್ಲಾಡಲಿಲ್ಲ. ಕೈ ಒರೆಸಿಕೊಳ್ಳುತ್ತ ಭಾವನ ಕಡೆ ತಿರುಗಿದ.

"ಆತು ಸಾವ್ಕಾರ್ರೇ. ಇನ್ನು ಯಾವ ಪಾರ್ಟಿಯೋರು ಬೇಕಾದ್ರೂ ಬಂದ್ ಕರೀಲಿ."